ರಾಕಾಯಿಯ ಅಜ್ಜಿಯರು

ಉಗಾಂಡಾದಲ್ಲಿ ಏಡ್ಸ್ ಮೊದಲು ಗಮನಕ್ಕೆ ಬಂದದ್ದು 1982ರಲ್ಲಿ, ವಿಕ್ಟೋರಿಯಾ ಸರೋವರದ ದಡದ ಕಸೆನ್ಸೆರೊ ಎಂಬ ಮೀನುಗಾರರ ಊರಿನಲ್ಲಿ. ಆ ಊರಿದ್ದ ರಾಕಾಯಿ ಜಿಲ್ಲೆಯಲ್ಲಿ ಮುಂದೆ ಸತ್ತವರು ಹೆಚ್ಚಾಗಿ ದುಡಿಯುವ ವಯಸ್ಸಿನ ತಂದೆತಾಯಿಗಳು. ತಬ್ಬಲಿಗಳನ್ನು ಚಿಕ್ಕಪ್ಪ, ಸೋದರತ್ತೆಯರು ಸಾಕುವುದು ಅಲ್ಲಿನ ಹಳೆಯ ಪದ್ಧತಿ; ಅವರೂ ಅದೇ ರೋಗಕ್ಕೆ ತುತ್ತಾದಾಗ ಹೊಣೆ ಅಜ್ಜಿಯರ ಮೇಲೆ ಬಿತ್ತು. ಮುಪ್ಪಿನಲ್ಲಿ ಆಸರೆಯಾಗಬೇಕಿದ್ದ ಮಕ್ಕಳನ್ನು ಮಣ್ಣು ಮಾಡಿ, ಮೊಮ್ಮಕ್ಕಳಿಗಾಗಿ ಅವರು ಮತ್ತೆ ಗುದ್ದಲಿ ಹಿಡಿದು ಬಾಳೆತೋಟಕ್ಕಿಳಿದರು. ಅಜ್ಜಿಯೂ ಇಲ್ಲದ ಕಡೆ ಹಿರಿಯ ಮಗುವೇ ಮನೆಯ ಯಜಮಾನ. ಕೆಲವೆಡೆ ಸತ್ತವನ ನೆಂಟರೇ ಜಮೀನು ಕಿತ್ತುಕೊಂಡರು. ರೋಗಕ್ಕಿಂತ ಕ್ರೂರವಾದ ಅನ್ಯಾಯವಿದು. ಸೋಂಕಿತ ತಾಯಂದಿರು ಮಕ್ಕಳಿಗಾಗಿ ವಂಶದ ವಿವರ ಬರೆದಿಡುವ ‘ನೆನಪಿನ ಪುಸ್ತಕ’ 1990ರ ದಶಕದಲ್ಲಿ ರೂಢಿಗೆ ಬಂತು. 1997ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಗಿ ಅನೇಕ ತಬ್ಬಲಿಗಳಿಗೆ ಓದು ಸಾಧ್ಯವಾಯಿತು. 2004ರ ನಂತರ ಉಚಿತ ಔಷಧಿ ಹಳ್ಳಿಗಳಿಗೆ ತಲುಪಿದಂತೆ ಸೋಂಕಿತ ತಂದೆತಾಯಿಗಳು ಬದುಕುಳಿಯತೊಡಗಿದರು.