ಒಂದು ಮಿಲಿಮೀಟರಿನ ಚರಿತ್ರೆ

ಸಣ್ಣ ಮಿಕದ ಬೇಟೆಗೆ ಏರ್‌ರೈಫಲ್ ಹಿಡಿಯುವವರ ನಡುವೆ ನೂರು ವರ್ಷಕ್ಕೂ ಮೀರಿ ನಡೆದುಬಂದ ಜಗಳ ಒಂದಿದೆ: ನಳಿಗೆಯ ಒಳಬಾಯಿ .177 ಇಂಚಿನದಿರಬೇಕೋ, .22 ಇಂಚಿನದಿರಬೇಕೋ. ಮಿಲಿಮೀಟರಿನಲ್ಲಿ ಹೇಳಿದರೆ 4.5 ಮತ್ತು 5.5. ಅಂತರ ಒಂದೇ ಒಂದು ಮಿಲಿಮೀಟರು. ಇಂಗ್ಲೆಂಡಿನ ಬೇಟೆಗಾರರಲ್ಲಿ ಹಕ್ಕಿಗೆ .177, ಮೊಲಕ್ಕೆ .22 ಎಂಬ ಸೂತ್ರ ತಲೆಮಾರುಗಳಿಂದ ಬೇರೂರಿದೆ. ಅದನ್ನು ಕೇಳಿದರೆ, ಮಿಕದ ಮೈಯನ್ನೂ ಅದರ ಪ್ರಾಣ ಇರುವ ಜಾಗವನ್ನೂ ಬಲ್ಲವರು ಯಾರೋ ಅಳೆದು ತೂಗಿ ಈ ಗಾತ್ರಗಳನ್ನು ಗೊತ್ತುಮಾಡಿದರು ಅನ್ನಿಸುತ್ತದೆ. ಏರ್‌ಗನ್ನಿನ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಈ ನಂಬಿಕೆ ನಿಲ್ಲುವುದಿಲ್ಲ. ಗಾಳಿಯನ್ನು ಒತ್ತುವ ಯಂತ್ರ ಎಂಥದು, ಕೋವಿಯನ್ನು ಕೊಳ್ಳುವವರು ಯಾರು, ಸರ್ಕಾರ ಎಷ್ಟಕ್ಕೆ ಒಪ್ಪುತ್ತದೆ ಎಂಬ ಮೂರು ಸಂಗತಿಗಳು ನಳಿಗೆಯ ಗಾತ್ರವನ್ನು ಮೊದಲು ತೀರ್ಮಾನಿಸಿದವು. ಮಿಕದ ಮಾತು ಬಂದದ್ದು ಆಮೇಲೆ. ಬೇಟೆಗಾರನ ಆಯ್ಕೆಗೆ ಉಳಿದದ್ದು ಆ ಮೂರರ ನಡುವಿನ ಇಕ್ಕಟ್ಟಾದ ಜಾಗ.

ಏರ್‌ಗನ್ ಹುಟ್ಟಿದ್ದು ಚಿಕ್ಕದಾಗಿಯೇ ಎಂದು ಭಾವಿಸುವವರಿಗೆ ಹದಿನೆಂಟನೆಯ ಶತಮಾನದ ಯುರೋಪು ಬೇರೆಯ ಚಿತ್ರ ತೋರಿಸುತ್ತದೆ. ಬಾರ್ತೊಲೊಮಿಯೊ ಜಿರಾರ್ದೊನಿ ಎಂಬ ಕಸುಬುದಾರ ರೂಪಿಸಿದ ಏರ್‌ರೈಫಲನ್ನು ಆಸ್ಟ್ರಿಯಾದ ಸೈನ್ಯ 1780ರ ಸುಮಾರಿಗೆ ಬಳಕೆಗೆ ತೆಗೆದುಕೊಂಡಿತು. ಅದರ ಗುಂಡು .46 ಇಂಚಿನ ಆಸುಪಾಸಿನದು, ಅಂದರೆ ಇಂದಿನ .22ರ ಎರಡು ಪಟ್ಟಿಗೂ ಹೆಚ್ಚು ದಪ್ಪ. ಕೋವಿಯ ಹಿಂಬದಿಯೇ ಗಾಳಿ ತುಂಬುವ ಬುರುಡೆ. ಅದು ಪೂರ್ತಿ ತುಂಬಬೇಕಾದರೆ ಕೈಪಂಪನ್ನು ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕಿತ್ತು. ಒಮ್ಮೆ ತುಂಬಿತೆಂದರೆ ಇಪ್ಪತ್ತು ಈಡುಗಳನ್ನು ಒಂದರ ಹಿಂದೆ ಒಂದು ಹಾರಿಸಬಹುದಿತ್ತು. 1803ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಪಶ್ಚಿಮದ ನೆಲವನ್ನು ಹೊಕ್ಕು ನೋಡಿದಾಗ ಅವರ ಬಳಿಯೂ ಒಂದು ಏರ್‌ರೈಫಲ್ ಇತ್ತು. ದಾರಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸಿದ್ದನ್ನು ಅವರ ದಿನಚರಿಗಳು ದಾಖಲಿಸಿವೆ. ಅದೇ ಕಾಲದ ಜರ್ಮನ್ ಸಂಸ್ಥಾನಗಳಲ್ಲಿ ಶ್ರೀಮಂತರು ದಪ್ಪ ನಳಿಗೆಯ ಏರ್‌ಗನ್ನುಗಳನ್ನು ಹಿಡಿದು ದೊಡ್ಡ ಮಿಕಕ್ಕೇ ಹೋಗುತ್ತಿದ್ದರು. ಆಗ ಗಾಳಿಯನ್ನು ಮೊದಲೇ ಕೂಡಿಟ್ಟುಕೊಳ್ಳುತ್ತಿದ್ದರು. ಕೂಡಿಟ್ಟ ಗಾಳಿ ಬೇಕಾದಷ್ಟಿದ್ದುದರಿಂದ ಭಾರದ ಗುಂಡನ್ನು ತಳ್ಳುವುದು ಕಷ್ಟವಾಗಲಿಲ್ಲ. ಆದರೆ ಇಂಥ ಕೋವಿಗೆ ನುರಿತ ಕಮ್ಮಾರನ ಕೈ ಬೇಕು, ಬುರುಡೆ ಸೋರಿದರೆ ಸರಿಮಾಡಬಲ್ಲವನು ಬೇಕು, ಬೆಲೆಯೋ ಸಾಮಾನ್ಯರಿಗೆ ಎಟುಕದ್ದು.

ನಳಿಗೆ ಸಣ್ಣದಾದದ್ದು ಸ್ಪ್ರಿಂಗಿನಿಂದ. ನಳಿಗೆಯನ್ನು ಮಡಚಿ ಅಥವಾ ಸನ್ನೆಯನ್ನು ಎಳೆದು ಗಟ್ಟಿ ಸ್ಪ್ರಿಂಗೊಂದನ್ನು ಒತ್ತಿಟ್ಟು, ಕುದುರೆ ಎಳೆದಾಗ ಅದು ಪಿಸ್ಟನ್ನನ್ನು ಮುಂದಕ್ಕೆ ನೂಕಿ ಆ ಕ್ಷಣದಲ್ಲೇ ಗಾಳಿಯನ್ನು ಒತ್ತುವ ವ್ಯವಸ್ಥೆ ಇದು. ಮನುಷ್ಯನ ತೋಳು ಒಂದೇ ಎಳೆತಕ್ಕೆ ಕೂಡಿಡಬಲ್ಲ ಶಕ್ತಿ ಎಷ್ಟೋ ಅಷ್ಟೇ ಗುಂಡಿಗೆ ದಕ್ಕುವುದು, ಅದರಲ್ಲೂ ಒಂದು ಪಾಲು ಕೋವಿಯೊಳಗೇ ಸೋರಿಹೋಗುತ್ತದೆ. ಇಷ್ಟು ಕಡಿಮೆ ಗಾಳಿಯ ಮುಂದೆ ಅರ್ಧ ಇಂಚಿನ ಗುಂಡಿಟ್ಟರೆ ಅದು ನಳಿಗೆಯಿಂದ ಉರುಳಿ ಬಿದ್ದೀತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರ್ಖಾನೆಗಳು ಅಗ್ಗದ ಏರ್‌ಗನ್ನುಗಳನ್ನು ರಾಶಿಗಟ್ಟಲೆ ಮಾಡತೊಡಗಿದಾಗ ಗುಂಡು ಕಾಳಿನ ಗಾತ್ರಕ್ಕೆ ಇಳಿದಿತ್ತು. ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್ ಊರಿನಲ್ಲಿ ಗಾಳಿಯಂತ್ರ ಮಾಡುತ್ತಿದ್ದ ಕಂಪನಿಯೊಂದು 1888ರಲ್ಲಿ ಶುರುಮಾಡಿದ ಡೈಸಿ ಕೋವಿ ಮಕ್ಕಳ ಕೈಗೇ ಹೋಯಿತು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪಡೆದ ಪೇಟೆಂಟಿನ ಮೇಲೆ ಬಿಎಸ್‌ಎ ಕಾರ್ಖಾನೆ 1905ರಿಂದ ಏರ್‌ರೈಫಲ್ ಮಾಡತೊಡಗಿತು. ಬೋಯರ್ ಯುದ್ಧ 1902ರಲ್ಲಿ ಮುಗಿದು ಸೈನ್ಯದ ಬೇಡಿಕೆ ತಗ್ಗಿದ್ದ ಸಮಯ ಅದು. ಯಂತ್ರಗಳಿಗೂ ಕೆಲಸಗಾರರ ಕೈಗೂ ಬೇರೆ ಕೆಲಸ ಬೇಕಿತ್ತು. ಗಿರಾಕಿಗಳು ಎಲ್ಲಿಂದ ಬಂದರು ಎಂಬುದು ಇಲ್ಲಿ ಮುಖ್ಯ. ಮದ್ಯದಂಗಡಿಗಳ ಹಿಂಬದಿಯ ಕೋಣೆಗಳಲ್ಲಿ ಆರೇಳು ಗಜದಾಚೆ ಕಬ್ಬಿಣದ ಫಲಕ, ಅದರ ನಡುವೆ ಬೆರಳೂ ತೂರದಷ್ಟು ಸಣ್ಣ ತೂತು, ಹಿಂದೆ ಗಂಟೆ. ಗುಂಡು ತೂತಿನಲ್ಲಿ ನುಸುಳಿದರೆ ಗಂಟೆ ಬಾರಿಸಬೇಕು. ಕಾರ್ಮಿಕರ ಈ ಸಂಜೆಯಾಟಕ್ಕೆ ಬೇಕಾದದ್ದು ಅಗ್ಗದ, ನೇರವಾಗಿ ಹಾರುವ ಸಣ್ಣ ಗುಂಡು. .177 ಅಲ್ಲಿ ನೆಲೆಯೂರಿತು. ಆ ಕೋಣೆಗಳಲ್ಲಿ ಒಂದು ಮೊಲವೂ ಇರಲಿಲ್ಲ.

ಮೊಲ ಇದ್ದದ್ದು ಹೊಲದಲ್ಲಿ, ಮತ್ತು ಅದಕ್ಕೂ ಒಂದು ಕಾನೂನಿನ ಹಿನ್ನೆಲೆಯಿತ್ತು. 1880ರ ಗ್ರೌಂಡ್ ಗೇಮ್ ಆ್ಯಕ್ಟ್ ಇಂಗ್ಲೆಂಡಿನ ಗೇಣಿದಾರರಿಗೆ ತಾವು ಉಳುವ ನೆಲದ ಮೇಲಿನ ಮೊಲಗಳನ್ನು ಹೊಡೆಯುವ ಹಕ್ಕು ಕೊಟ್ಟಿತು. ಅದಕ್ಕೆ ಮುಂಚೆ ಬೆಳೆ ತಿನ್ನುವ ಮೊಲವೂ ಬಹಳ ಕಡೆ ಜಮೀನ್ದಾರನ ಸೊತ್ತು. ಸದ್ದಿಲ್ಲದ, ಮದ್ದಿನ ಖರ್ಚಿಲ್ಲದ ಕೋವಿಗೆ ಹೀಗೆ ಹಳ್ಳಿಯ ಗಿರಾಕಿಗಳು ಸಿಕ್ಕರು. ಬಿಎಸ್‌ಎ ಕೆಲವೇ ವರ್ಷಗಳಲ್ಲಿ .22 ಮತ್ತು .25ರ ನಳಿಗೆಗಳನ್ನು ಹೊರತಂದು, ಮೂರಕ್ಕೂ ಒಂದು, ಎರಡು, ಮೂರನೆಯ ನಂಬರಿನ ಬೋರ್ ಎಂದು ಹೆಸರಿಟ್ಟಿತು. 1930ರ ದಶಕದಲ್ಲಿ ವೆಬ್ಲಿ ಕಂಪನಿಯ ಸರ್ವಿಸ್ ರೈಫಲ್ ಮೂರೂ ಗಾತ್ರದ ನಳಿಗೆಗಳನ್ನು ಒಂದೇ ಕೋವಿಗೆ ಬದಲಾಯಿಸಿ ಜೋಡಿಸುವಂತೆ ಬಂತು. ಕೋವಿಯ ಸ್ಪ್ರಿಂಗು ಅದೇ, ಶಕ್ತಿ ಹೆಚ್ಚುಕಡಿಮೆ ಅಷ್ಟೇ, ಬದಲಾಗುವುದು ನಳಿಗೆ ಮಾತ್ರ. ಈ ರೈಫಲ್ ನನಗೆ ಇಡೀ ವಾದದ ತಿರುಳಿನಂತೆ ಕಾಣುತ್ತದೆ: ನಳಿಗೆ ಅಗಲಿಸಿದ ಮಾತ್ರಕ್ಕೆ ಕೋವಿ ಬಲವಾಗುವುದಿಲ್ಲ. ಇರುವ ಬಲವನ್ನು ಭಾರಕ್ಕೆ ಹೆಚ್ಚು ಕೊಡಬೇಕೋ ವೇಗಕ್ಕೆ ಹೆಚ್ಚು ಕೊಡಬೇಕೋ ಎಂಬುದಷ್ಟೇ ಪ್ರಶ್ನೆ. ಸ್ಪ್ರಿಂಗಿನ ಬಲಕ್ಕೆ ಭಾರವೆನಿಸಿದ .25 ಮುಂದಿನ ದಶಕಗಳಲ್ಲಿ ಮೂಲೆ ಸೇರಿದ್ದೂ ಇದೇ ಲೆಕ್ಕದಿಂದ.

ಈ ಲೆಕ್ಕಕ್ಕೆ ಕಾನೂನಿನ ಅಂಕಿ ಬಿದ್ದದ್ದು 1969ರಲ್ಲಿ. ಬ್ರಿಟನ್ನಿನ ನಿಯಮಗಳು ಆ ವರ್ಷ ಏರ್‌ರೈಫಲಿಗೆ 12 ಅಡಿ-ಪೌಂಡ್, ಅಂದರೆ ಸುಮಾರು 16.3 ಜೂಲ್ ಶಕ್ತಿಯ ಮಿತಿ ಹಾಕಿದವು. ಅದನ್ನು ದಾಟಿದ್ದಕ್ಕೆ ಬಂದೂಕಿನ ಪ್ರಮಾಣಪತ್ರ ಬೇಕು. ನಳಿಗೆಯ ಗಾತ್ರದ ಬಗ್ಗೆ ಆ ಮಿತಿ ಏನನ್ನೂ ಹೇಳಲಿಲ್ಲ. ಹೀಗಾಗಿ ಅಲ್ಲಿನ ಬೇಟೆಗಾರರೆಲ್ಲ ಒಂದೇ ಶಕ್ತಿಯನ್ನು ಹಿಡಿದು ಬೇರೆಬೇರೆ ಗಾತ್ರಗಳನ್ನು ಹೋಲಿಸುವಂತಾಯಿತು. 0.54 ಗ್ರಾಂ ತೂಗುವ .177ರ ಪೆಲೆಟ್ಟು ಆ ಶಕ್ತಿಯಲ್ಲಿ ಸೆಕೆಂಡಿಗೆ ಸುಮಾರು 245 ಮೀಟರ್ ವೇಗದಲ್ಲಿ ಹೊರಡುತ್ತದೆ, 1.04 ಗ್ರಾಮಿನ .22ರದು ಸುಮಾರು 177 ಮೀಟರ್. ದೂರ ಒಂದೇ ಇದ್ದರೆ ನಿಧಾನದ ಗುಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಗಾಳಿಯ ತಡೆಯನ್ನು ಪಕ್ಕಕ್ಕಿಟ್ಟರೆ ಇಳಿತ ಗುಂಡಿನ ತೂಕಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಇಲ್ಲಿ ಎರಡು ಪಟ್ಟಿನ ಹತ್ತಿರ. ದೂರವನ್ನು ಕಣ್ಣಳತೆಯಲ್ಲಿ ಐದು ಮೀಟರ್ ತಪ್ಪಿ ಅಂದಾಜು ಮಾಡಿದರೂ .177 ಬಹುತೇಕ ಗುರಿಯ ಹತ್ತಿರವೇ ಬೀಳುತ್ತದೆ. .22ರಲ್ಲಿ ಅದೇ ತಪ್ಪು ಮೊಲದ ತಲೆಗೆ ಇಟ್ಟ ಗುರಿಯನ್ನು ದವಡೆಗೆ ಇಳಿಸಬಲ್ಲದು. ದವಡೆ ಮುರಿದ ಮೊಲ ಬಿಲಕ್ಕೆ ಓಡಿ, ತಿನ್ನಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ.

ಇದಕ್ಕೆ .22ರ ಪರವಾದವರು ಹೇಳುವ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 5.5 ಮಿಲಿಮೀಟರಿನ ಗುಂಡಿನ ಮುಖ 4.5ರದಕ್ಕಿಂತ ಒಂದೂವರೆ ಪಟ್ಟು ವಿಸ್ತಾರವಾದದ್ದು. ಗಾಯದ ದಾರಿ ಅಗಲ, ಗುಂಡು ತನ್ನ ಶಕ್ತಿಯನ್ನು ಮಿಕದೊಳಗೇ ಇಳಿಸುವ ಸಂಭವ ಹೆಚ್ಚು. ವೇಗದ .177 ತೆಳ್ಳಗಿನ ಮೈಯನ್ನು ತೂರಿಕೊಂಡು ಆಚೆ ಹೋಗಿಬಿಡಬಹುದು, ಹಗುರವಾದ್ದರಿಂದ ಬೀಸುಗಾಳಿಗೆ ಪಕ್ಕಕ್ಕೆ ಜರುಗಲೂಬಹುದು. ಇದೆಲ್ಲ ನಿಜ. ಆದರೆ ಈ ವಾದ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ: ಗುಂಡು ಮಿಕದ ಮೈಯಲ್ಲಿ ಎಲ್ಲೋ ಒಂದು ಕಡೆ ಬಿದ್ದರೂ ಅಗಲವಾದ ಗಾಯ ಕೊರತೆಯನ್ನು ತುಂಬಿಕೊಡುತ್ತದೆ ಎಂದು. 16 ಜೂಲಿನ ಗುಂಡಿಗೆ ಆ ತಾಕತ್ತಿಲ್ಲ. ಮದ್ದಿನ .22 ಕಾಡತೂಸು ಇದರ ಆರೇಳು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಅದಕ್ಕೆ ಒಗ್ಗಿದ ಮನಸ್ಸು ಏರ್‌ರೈಫಲಿನ .22ಕ್ಕೂ ಅಂಥದೇ ಬಲವಿದೆ ಎಂದು ಎಣಿಸುವುದರಲ್ಲಿ ಅಪಾಯವಿದೆ. ಏರ್‌ರೈಫಲಿನಲ್ಲಿ ಮಿದುಳಿಗೆ ತಗುಲಿದರೆ ಎರಡೂ ಗಾತ್ರ ತಕ್ಷಣ ಕೊಲ್ಲುತ್ತವೆ, ಹೊಟ್ಟೆಗೆ ತಗುಲಿದರೆ ಎರಡೂ ಹಿಂಸಿಸುತ್ತವೆ. ಹಾಗಾಗಿ ಹಕ್ಕಿಗೊಂದು ಮೊಲಕ್ಕೊಂದು ಎಂಬ ಸೂತ್ರಕ್ಕಿಂತ, ಮೂವತ್ತು ಮೀಟರಿನಾಚೆಗೆ ಕುದುರೆ ಎಳೆಯದೆ ಇರುವ ಶಿಸ್ತು ಸಾವಿರ ಪಾಲು ಮೇಲು.

ಕಾನೂನಿನ ಮಿತಿಯೇ ಗಾತ್ರವನ್ನು ಹಿಡಿದಿಟ್ಟಿತು ಎಂಬುದಕ್ಕೆ ಅಮೆರಿಕ ಪುರಾವೆ ಒದಗಿಸುತ್ತದೆ. ಅಲ್ಲಿ ಕೇಂದ್ರ ಕಾನೂನಿನಲ್ಲಿ ಇಂಥ ಶಕ್ತಿಯ ಮಿತಿಯಿಲ್ಲ. ಹಲವು ಸಲ ಪಂಪು ಒತ್ತಿ ಗಾಳಿ ತುಂಬುವ ರೈಫಲುಗಳನ್ನು ಕ್ರಾಸ್‌ಮನ್ ಕಂಪನಿ 1920ರ ದಶಕದಲ್ಲೇ .22ರಲ್ಲಿ ಮಾರಿತು, 1947ರಲ್ಲಿ ವಿಸ್ಕಾನ್ಸಿನ್ನಿನ ಶೆರಿಡನ್ ಕಂಪನಿ .20 ಎಂಬ ನಡುಗಾತ್ರವನ್ನೇ ಹುಟ್ಟಿಸಿತು. ಮುಂದೆ, ಮುಳುಗುಗಾರರ ಸಿಲಿಂಡರಿನಿಂದ ಗಾಳಿ ತುಂಬಿಕೊಳ್ಳುವ ರೈಫಲುಗಳು ಹರಡಿದ ಮೇಲೆ ಜಿರಾರ್ದೊನಿಯ ಕಾಲದ ದಪ್ಪ ನಳಿಗೆ ಮರಳಿ ಬಂತು; .45 ಇಂಚಿನ ಏರ್‌ರೈಫಲಿನಿಂದ ಜಿಂಕೆ ಹೊಡೆಯಲು ಈಗ ಹಲವು ರಾಜ್ಯಗಳು ಅನುಮತಿ ಕೊಟ್ಟಿವೆ. ಇನ್ನೂರು ವರ್ಷಗಳಲ್ಲಿ ಜಿಂಕೆಯ ಮೈ ಬದಲಾಗಿಲ್ಲ. ಗಾಳಿ ತುಂಬುವ ಬಗೆ ಬದಲಾಯಿತು, ನಳಿಗೆ ಅದರ ಹಿಂದೆ ಹೋಯಿತು.

ನಮ್ಮ ದೇಶದಲ್ಲಿ ಈ ಚರಿತ್ರೆ ಇನ್ನೊಂದು ದಾರಿ ಹಿಡಿದಿದೆ. ಇಪ್ಪತ್ತನೆಯ ಶತಮಾನದ ಆರಂಭದ ಬೊಂಬಾಯಿಯಲ್ಲಿ ಏರ್‌ಗನ್ ಅನುಕೂಲಸ್ಥರ ಮನೆಯ ಹುಡುಗರ ಕೈಯಲ್ಲಿತ್ತು. ಬಾಲಕ ಸಲೀಂ ಅಲಿ ಅದರಿಂದ ಹೊಡೆದುಕೆಡವಿದ ಹಳದಿ ಕತ್ತಿನ ಗುಬ್ಬಿಯೇ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದದ್ದು. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಮೊದಲಿಗೆ ಸಣ್ಣ ಮಿಕಗಳಿಗೆಂದೇ ಪ್ರತ್ಯೇಕ ಬೇಟೆ ಪರವಾನಗಿ ಇಟ್ಟುಕೊಂಡಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮೊಲ, ಗೌಜಲಹಕ್ಕಿ, ಬೆಳವ, ಬುರ್ಲಿ ಯಾವುದನ್ನೂ ಇಂದು ಬೇಟೆಯಾಡುವಂತಿಲ್ಲ. ಆದರೂ 2016ರ ಶಸ್ತ್ರಾಸ್ತ್ರ ನಿಯಮಗಳು 20 ಜೂಲ್ ಮತ್ತು .177 ಇಂಚು ಎಂಬ ಎರಡು ಗೆರೆಗಳೊಳಗಿನ ಏರ್‌ರೈಫಲಿಗೆ ಪರವಾನಗಿ ಬೇಡವೆನ್ನುತ್ತವೆ; .22 ಆದರೆ ಶಕ್ತಿ ಎಷ್ಟೇ ಕಡಿಮೆಯಿರಲಿ ಪರವಾನಗಿ ಬೇಕು. ಕೊಡಗಿನಲ್ಲಿ ಕೋವಿಯ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸೇರಿದ್ದು, ಅಲ್ಲಿ ಜನರನ್ನು ನೋಡಿ ಕೊಟ್ಟದ್ದು. ಏರ್‌ಗನ್ನಿಗೆ ಕೊಟ್ಟ ವಿನಾಯಿತಿ ಅಳತೆಯನ್ನು ನೋಡಿ ಕೊಟ್ಟದ್ದು.

ಕ್ರೀಡೆಗೆ ಬೇಕಾದ್ದರಿಂದ ಈ ಅಳತೆ ಸರಿ ಎಂದು ವಾದಿಸಬಹುದು. 1984ರಿಂದ ಒಲಿಂಪಿಕ್ಸಿನಲ್ಲಿರುವ 10 ಮೀಟರ್ ಏರ್‌ರೈಫಲ್ ಸ್ಪರ್ಧೆ 4.5 ಮಿಲಿಮೀಟರಿನದೇ, 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಲ್ಲೇ. ಹೊಸ ಗುರಿಕಾರರಿಗೆ ದಾರಿ ಸುಲಭವಾಗಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಾಗದದ ಗುರಿಯನ್ನು ತೂತು ಮಾಡಲು 20 ಜೂಲ್ ಬೇಡ. ಸ್ಪರ್ಧೆಯ ರೈಫಲುಗಳ ಶಕ್ತಿ ಅದರ ಅರ್ಧಕ್ಕೂ ಕೆಳಗಿದೆ. ಇನ್ನು, ಸಣ್ಣ ಗಾತ್ರವಾದ್ದರಿಂದ ಅಪಾಯವಿಲ್ಲ ಎಂಬ ವಾದವಂತೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಇಂಗ್ಲೆಂಡಿನ ರೈತ ಪ್ರಮಾಣಪತ್ರವಿಲ್ಲದೆ ಮೊಲ ಹೊಡೆಯುವ .22 ಅಥವಾ .25ಕ್ಕೆ ಇರುವುದಕ್ಕಿಂತ ಸುಮಾರು ನಾಲ್ಕು ಜೂಲ್ ಹೆಚ್ಚಿನ ಶಕ್ತಿಯನ್ನು ನಮ್ಮ ನಿಯಮ .177ಕ್ಕೆ ಬಿಟ್ಟುಕೊಟ್ಟಿದೆ. ಅರುಣಾಚಲ ಪ್ರದೇಶದ ಸರ್ಕಾರ 2021ರ ಮಾರ್ಚಿನಲ್ಲಿ ಈಸ್ಟ್ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುಮಾಡಿದ್ದು ಕಾಡಿನ ಹಕ್ಕಿಗಳೂ ಸಣ್ಣ ಪ್ರಾಣಿಗಳೂ ಆ ಕೋವಿಗಳಿಗೆ ಬಲಿಯಾಗುತ್ತಿದ್ದುದರಿಂದ. ಮುಂದಿನ ತಿಂಗಳುಗಳಲ್ಲಿ ಜನ ತಾವಾಗಿ ಒಪ್ಪಿಸಿದ ಏರ್‌ಗನ್ನುಗಳು ಎರಡು ಸಾವಿರ ದಾಟಿದವು. ನಿಯಮವನ್ನು ಮತ್ತೆ ಬರೆಯುವವರು ನಳಿಗೆಯ ಗೆರೆಯನ್ನು ಬಿಟ್ಟು ಶಕ್ತಿಯ ಗೆರೆಯನ್ನು ಸ್ಪರ್ಧೆಗೆ ಸಾಕಾಗುವ ಮಟ್ಟಕ್ಕೆ, ಜರ್ಮನಿಯ 7.5 ಜೂಲಿನಂತೆ, ಇಳಿಸಿದರೆ ಗುರಿಕಾರರಿಗೆ ನಷ್ಟವೇನೂ ಇಲ್ಲ.