ಗಿರಾಕಿಯ ಪ್ರಶ್ನೆಗೆ ಬರೆದಿಟ್ಟ ಉತ್ತರ: ಸಣ್ಣ ವ್ಯಾಪಾರದ ಬ್ಲಾಗ್ ನಡೆದು ಬಂದ ದಾರಿ

ಬ್ಯಾಡಗಿ ಮೆಣಸಿನಕಾಯಿ ಮಾರುವ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: ‘ಡಬ್ಬಿ ಒಯ್ಯಲೋ, ಕಡ್ಡಿ ಒಯ್ಯಲೋ?’ ಅಂಗಡಿಯವರು ಬೇಸರಿಸದೆ ಬಿಡಿಸಿ ಹೇಳುತ್ತಾರೆ. ಡಬ್ಬಿ ಗಿಡ್ಡ, ಗುಂಡಗೆ, ಬೀಜ ಜಾಸ್ತಿ, ಖಾರ ಕಮ್ಮಿ, ಮಸಾಲೆಪುಡಿಗೆ ಒಳ್ಳೆಯದು. ಕಡ್ಡಿ ಉದ್ದ, ಸಪೂರ, ಬೀಜ ಕಮ್ಮಿ. ಈ ಮಾತು ಕೇಳಿಸಿಕೊಂಡ ಗಿರಾಕಿ ಮುಂದಿನ ವರ್ಷ ಉಪ್ಪಿನಕಾಯಿ, ಸಾಂಬಾರುಪುಡಿಯ ಕಾಲಕ್ಕೆ ಮತ್ತೆ ಅದೇ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಇಲ್ಲಿರುವವರಿಗೆ ಸರಕು ಗೊತ್ತು, ಗೊತ್ತಿದ್ದದ್ದನ್ನು ಮುಚ್ಚಿಡುವುದಿಲ್ಲ ಎಂಬ ನಂಬಿಕೆ ಅವರನ್ನು ಕರೆತರುತ್ತದೆ.

ಅದೇ ಉತ್ತರವನ್ನು ಬರೆದಿಟ್ಟರೆ ಇನ್ನೂ ಅಂಗಡಿಯ ಮೆಟ್ಟಿಲು ಹತ್ತದವರಿಗೂ ಅದು ಮುಟ್ಟುತ್ತದೆ. ಸಣ್ಣ ವ್ಯಾಪಾರಿಯ ಬ್ಲಾಗ್ ಎಂದರೆ ಮೂಲದಲ್ಲಿ ಇಷ್ಟೇ. ಈ ಬಗೆಯ ಬರವಣಿಗೆ ಎಲ್ಲಿಂದ ಬಂತು, ಯಾರ ಕೈಯಲ್ಲಿ ಗೆದ್ದಿತು, ಯಾರ ಕೈಯಲ್ಲಿ ಕೆಟ್ಟಿತು, ಕನ್ನಡದಲ್ಲಿ ಏಕೆ ತಡವಾಯಿತು ಎಂಬುದನ್ನು ಇಲ್ಲಿ ನೋಡೋಣ.

ಬ್ಲಾಗಿಗೂ ಮೊದಲು

ಸರಕಿನ ಗುಣಗಾನವನ್ನು ಪಕ್ಕಕ್ಕಿಟ್ಟು, ಗಿರಾಕಿಗೆ ಬೇಕಾದ ತಿಳಿವಳಿಕೆ ಕೊಡುವ ಯೋಚನೆ ಹಳೆಯದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನೇಗಿಲು ಮಾಡುತ್ತಿದ್ದ ಡೀರ್ ಕಂಪನಿ 1895ರಲ್ಲಿ ‘ದಿ ಫರ‍್ರೋ’ ಎಂಬ ಪತ್ರಿಕೆ ಹೊರಡಿಸಿತು. ಕಾಲಕ್ರಮದಲ್ಲಿ ಅದು ಬೇಸಾಯದ ಸಮಸ್ಯೆಗಳನ್ನೇ ಮುಖ್ಯವಾಗಿ ಚರ್ಚಿಸುವ ಪತ್ರಿಕೆಯಾಗಿ ಬೆಳೆಯಿತು, ಇಂದಿಗೂ ಪ್ರಕಟವಾಗುತ್ತಿದೆ. ಫ್ರಾನ್ಸಿನ ಟೈರು ತಯಾರಕರಾದ ಮಿಶೆಲಿನ್ ಸಹೋದರರು 1900ರಲ್ಲಿ ವಾಹನ ಸವಾರರಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿ ಸುಮಾರು 35,000 ಪ್ರತಿಗಳನ್ನು ಪುಕ್ಕಟೆ ಹಂಚಿದರು. ಟೈರು ಬದಲಿಸುವ ಕ್ರಮ, ರಿಪೇರಿ ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ತಂಗಬಹುದು ಎಂಬ ವಿವರಗಳು ಅದರಲ್ಲಿದ್ದವು. ಜನ ಹೆಚ್ಚು ದೂರ ಓಡಾಡಿದರೆ ಟೈರು ಹೆಚ್ಚು ಸವೆಯುತ್ತದೆ. ಸವೆದರೆ ಹೊಸದು ಕೊಳ್ಳುತ್ತಾರೆ. ಲೆಕ್ಕಾಚಾರ ವ್ಯಾಪಾರದ್ದೇ, ಆದರೆ ಓದುಗನಿಗೂ ಅದರಿಂದ ನಿಜವಾದ ಉಪಯೋಗವಿತ್ತು.

ನಮ್ಮ ಕರಾವಳಿಯಲ್ಲಿ 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಬೇರೆ ಉದ್ದೇಶದ್ದು; ಅದು ಯಾರ ಸರಕನ್ನೂ ಮಾರಲು ಹುಟ್ಟಿದ್ದಲ್ಲ. ಆದರೂ ಅದನ್ನು ಇಲ್ಲಿ ನೆನೆಯಲೇಬೇಕು. ಕೃಷಿಯ ಬಗ್ಗೆ ಕೃಷಿಕರೇ ಬರೆಯಬೇಕು ಎಂದು ಹಟ ಹಿಡಿದು, ಲೇಖನಿಯನ್ನು ತೋಟದವರ ಕೈಗೆ ಕೊಟ್ಟ ಪತ್ರಿಕೆ ಅದು. ಕೆಲಸ ಬಲ್ಲವರು ತಾವೇ ಬರೆದಾಗ ಮಾತಿಗೆ ಬರುವ ತೂಕವೇ ಬೇರೆ ಎಂಬುದನ್ನು ಬ್ಲಾಗ್ ಎಂಬ ಪದ ಹುಟ್ಟುವುದಕ್ಕೆ ಮುಂಚೆಯೇ ಕನ್ನಡದಲ್ಲಿ ಅದು ತೋರಿಸಿಕೊಟ್ಟಿತ್ತು.

ಅಚ್ಚುಮನೆ ಇಲ್ಲದೆ ಪ್ರಕಟಣೆ

ಸಣ್ಣ ಅಂಗಡಿಗೆ ಇಂಥ ಪತ್ರಿಕೆ ನಡೆಸುವ ಶಕ್ತಿ ಎಲ್ಲಿಂದ ಬರಬೇಕು? ಅದರ ಪಾಲಿಗಿದ್ದದ್ದು ಬೋರ್ಡು, ಕರಪತ್ರ, ಟಾಕೀಸಿನ ಸ್ಲೈಡು ಮತ್ತು ವರ್ಷಕ್ಕೊಮ್ಮೆ ಹಂಚುವ ಗೋಡೆ ಕ್ಯಾಲೆಂಡರು. ಇವುಗಳಲ್ಲಿ ಹೆಸರು, ವಿಳಾಸ, ‘ಒಮ್ಮೆ ಭೇಟಿ ಕೊಡಿ’ ಎಂಬ ಮಾತಿಗಷ್ಟೇ ಜಾಗ. ಬಿಡಿಸಿ ಹೇಳಲು ಬೇಕಾದ ಪುಟ ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ.

1997ರಲ್ಲಿ ಜಾರ್ನ್ ಬಾರ್ಜರ್ ‘ವೆಬ್‌ಲಾಗ್’ ಎಂಬ ಪದ ಬಳಸಿದರು. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಅದನ್ನು ಒಡೆದು ‘ಬ್ಲಾಗ್’ ಎಂದು ಕಿರಿದಾಗಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಸಂಸ್ಥೆ ‘ಬ್ಲಾಗರ್’ ಸೇವೆ ತೆರೆಯಿತು. 2003ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ ‘ವರ್ಡ್‌ಪ್ರೆಸ್’ ಬಿಡುಗಡೆ ಮಾಡಿದರು. ಕಂಪ್ಯೂಟರಿನ ಸಂಕೇತಭಾಷೆ ಅರಿಯದವರೂ ಬರೆದು, ಒಂದು ಗುಂಡಿ ಒತ್ತಿ ಪ್ರಕಟಿಸುವುದು ಅಲ್ಲಿಂದಾಚೆಗೆ ಸಲೀಸಾಯಿತು.

ವ್ಯಾಪಾರಕ್ಕೆ ಇದರಲ್ಲಿ ಎರಡು ಅನುಕೂಲಗಳಿದ್ದವು. ಜಾಹೀರಾತಿನ ಪ್ರಭಾವ ದುಡ್ಡು ನಿಂತ ದಿನ ನಿಲ್ಲುತ್ತದೆ. ಬರೆದ ಪುಟ ವರ್ಷಗಟ್ಟಲೆ ಉಳಿದು ಹುಡುಕಿದವರಿಗೆ ಸಿಗುತ್ತದೆ. ಇನ್ನೊಂದು, ಪುಟದ ಕೆಳಗೆ ಓದುಗರೂ ಬರೆಯಬಹುದು. ಗಿರಾಕಿಯ ಅನುಮಾನ ಏನೆಂದು ವ್ಯಾಪಾರಿಗೆ ಕೂತಲ್ಲೇ ಗೊತ್ತಾಗುತ್ತದೆ.

ದರ್ಜಿ ಬರೆದ, ಕೊಳ ಕಟ್ಟುವವ ಬರೆದ

ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ನೆನೆಯುವ ಮೊದಲ ಉದಾಹರಣೆ ಒಬ್ಬ ದರ್ಜಿಯದು. ಲಂಡನ್ನಿನ ಸೆವಿಲ್ ರೋನಲ್ಲಿ ಪಳಗಿದ ಥಾಮಸ್ ಮಹೋನ್ ಇಂಗ್ಲೆಂಡಿನ ಉತ್ತರದ ಕಂಬ್ರಿಯಾದಲ್ಲಿ ನೆಲೆಸಿದ್ದರು. ವ್ಯಂಗ್ಯಚಿತ್ರಕಾರ ಹ್ಯೂ ಮೆಕ್‌ಲಾಯ್ಡ್ ಒತ್ತಾಯದಿಂದ 2005ರ ಆರಂಭದಲ್ಲಿ ‘ಇಂಗ್ಲಿಷ್ ಕಟ್’ ಎಂಬ ಬ್ಲಾಗ್ ತೆರೆದರು. ಕೈಯಿಂದ ಹೊಲಿದ ಸೂಟಿಗೆ ಅಷ್ಟೊಂದು ಬೆಲೆ ಏಕೆ, ಬಟ್ಟೆಯ ಒಳಪದರ ಹೇಗೆ ಕೂರಿಸುತ್ತಾರೆ, ಒಳ್ಳೆಯ ಹೊಲಿಗೆಯನ್ನು ಗುರುತಿಸುವುದು ಹೇಗೆ ಎಂದು ಅವರು ಬರೆದರು. ಮುಚ್ಚಿದ ಬಾಗಿಲ ಹಿಂದಿನ ಕಸುಬು ಎಂದು ಹೆಸರಾಗಿದ್ದ ಕೆಲಸವನ್ನು ಹೀಗೆ ಬಯಲಿಗಿಟ್ಟಾಗ ಗಿರಾಕಿಗಳು ಕಮ್ಮಿಯಾಗಲಿಲ್ಲ. ಅಟ್ಲಾಂಟಿಕ್ ಸಾಗರದ ಆಚೆಯಿಂದಲೂ ಬಂದರು. ಗುಟ್ಟು ತಿಳಿದವರೆಲ್ಲ ತಾವೇ ಸೂಟು ಹೊಲಿದುಕೊಳ್ಳಲು ಕೂರುವುದಿಲ್ಲ. ಕೆಲಸದ ಕಷ್ಟ ಅರ್ಥವಾದವರು ಕೆಲಸ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ.

ಷಿಕಾಗೋದ ‘37 ಸಿಗ್ನಲ್ಸ್’ ಬೆರಳೆಣಿಕೆಯ ಜನರಿದ್ದ ಜಾಲತಾಣ ವಿನ್ಯಾಸ ಸಂಸ್ಥೆ. ತಮ್ಮ ಕೆಲಸದ ಬಗ್ಗೆ ಬ್ಲಾಗಿನಲ್ಲಿ ಬರೆಯುತ್ತಾ ಓದುಗರ ಬಳಗವೊಂದನ್ನು ಕಟ್ಟಿಕೊಂಡಿದ್ದ ಅವರು, 2004ರಲ್ಲಿ ‘ಬೇಸ್‌ಕ್ಯಾಂಪ್’ ತಂತ್ರಾಂಶವನ್ನು ಮೊದಲು ಅದೇ ಓದುಗರ ಮುಂದಿಟ್ಟರು. ಸರಕಿಗಿಂತ ಮೊದಲೇ ಕೇಳುಗರು ಸಿದ್ಧರಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವ ಕಥೆ ವರ್ಜೀನಿಯಾದ್ದು. ಅಲ್ಲಿ ಫೈಬರ್‌ಗ್ಲಾಸ್ ಈಜುಕೊಳ ಕೂರಿಸುವ ‘ರಿವರ್ ಪೂಲ್ಸ್’ ಸಂಸ್ಥೆ 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. ಪಾಲುದಾರ ಮಾರ್ಕಸ್ ಶೆರಿಡನ್ ಗಿರಾಕಿಗಳು ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಒಂದೊಂದು ಲೇಖನ ಬರೆಯತೊಡಗಿದರು. ಕೊಳಕ್ಕೆ ಎಷ್ಟು ಖರ್ಚು? ಫೈಬರ್‌ಗ್ಲಾಸಿನ ದೋಷಗಳೇನು? ಬೆಲೆ ಬಾಯಿಬಿಡಬಾರದು ಎಂಬುದು ಆ ವ್ಯಾಪಾರದ ಅಲಿಖಿತ ನಿಯಮವಾಗಿತ್ತು. ಶೆರಿಡನ್ ಅದನ್ನು ಮುರಿದರು. ತಮ್ಮ ಭಾಗದ ಒಳ್ಳೆಯ ಕೊಳ ನಿರ್ಮಾಪಕರ ಪಟ್ಟಿ ಬರೆದಾಗ ಎದುರಾಳಿಗಳ ಹೆಸರು ಹಾಕಿ, ತಮ್ಮ ಹೆಸರನ್ನೇ ಬಿಟ್ಟರು. ಓದಿದವರು ಈ ಪ್ರಾಮಾಣಿಕತೆಯನ್ನೇ ನಂಬಿ ಅವರ ಬಳಿ ಬಂದರು. ಸಂಸ್ಥೆ ಉಳಿಯಿತು, ಬೆಳೆಯಿತು.

ಈ ಮೂವರ ಬರಹದಲ್ಲೂ ‘ನಮ್ಮಲ್ಲೇ ಕೊಳ್ಳಿ’ ಎಂಬ ಒತ್ತಾಯ ಕಮ್ಮಿ, ಕಸುಬಿನ ವಿವರ ಹೆಚ್ಚು. ಮುಂದೆ ಇದೇ ವಿದ್ಯೆಗೆ ಹೊಸ ಹೆಸರುಗಳು ಬಂದವು, ಕಲಿಸುವ ಕಂಪನಿಗಳು ಹುಟ್ಟಿದವು. ಸಾರ ಮಾತ್ರ ಈ ಮೂವರು ಮಾಡಿ ತೋರಿಸಿದ್ದೇ.

ಕಳೆ ಬೆಳೆದ ವರ್ಷಗಳು

ಬೆಳೆ ಬಂದಲ್ಲಿ ಕಳೆಯೂ ಬಂತು. ಗೂಗಲ್ ಹುಡುಕಾಟದಲ್ಲಿ ಮೇಲೆ ಬರಬೇಕೆಂದು ಇತರರ ಬ್ಲಾಗುಗಳಲ್ಲಿ ಕಂಡಕಂಡಲ್ಲಿ ಕೊಂಡಿ ಅಂಟಿಸುವ ಪಿಡುಗು ಎಷ್ಟು ಹೆಚ್ಚಿತೆಂದರೆ, 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್ಎನ್ ಮೂರೂ ಕೂಡಿ ಅಂಥ ಕೊಂಡಿಗಳಿಗೆ ಬೆಲೆ ಸಿಗದಂತೆ ಮಾಡಬೇಕಾಯಿತು. 2006ರಲ್ಲಿ ಅಮೆರಿಕದಲ್ಲಿ ಒಂದು ಜೋಡಿಯ ಪ್ರವಾಸದ ಬ್ಲಾಗೊಂದರ ಹಿಂದೆ ವಾಲ್‌ಮಾರ್ಟಿನ ಪರ ಕೆಲಸ ಮಾಡುವ ಪ್ರಚಾರ ಸಂಸ್ಥೆಯ ಏರ್ಪಾಡಿತ್ತೆಂದು ಬಯಲಾಗಿ, ಆ ಪ್ರಚಾರ ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದರು. ದುಡ್ಡು ಅಥವಾ ಉಡುಗೊರೆ ಪಡೆದು ಹೊಗಳಿದರೆ ಅದನ್ನು ಹೇಳಲೇಬೇಕು ಎಂದು ಅಲ್ಲಿನ ವ್ಯಾಪಾರ ಆಯೋಗ 2009ರಲ್ಲಿ ಸ್ಪಷ್ಟಪಡಿಸಿತು. ನಮ್ಮಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಇಂಥ ಮಾರ್ಗಸೂಚಿ ತಂದವು.

ಇನ್ನೊಂದು ಕಳೆ, ಹುಡುಕಾಟದ ಪದಗಳನ್ನು ತುರುಕಿ ಸಗಟಾಗಿ ಉತ್ಪಾದಿಸಿದ ಪೊಳ್ಳು ಲೇಖನಗಳು. 2011ರ ಫೆಬ್ರುವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಮಾರ್ಪಾಡು ತಂದು ಇಂಥ ಪುಟಗಳನ್ನು ಕೆಳಗಿಳಿಸಿತು. ಅಮೆರಿಕದ ಹುಡುಕಾಟಗಳಲ್ಲಿ ನೂರಕ್ಕೆ ಸುಮಾರು 12ರಷ್ಟರ ಫಲಿತಾಂಶ ಬದಲಾಯಿತು. ಅಗ್ಗದ ಬರವಣಿಗೆಯ ಮೇಲೆ ಕಟ್ಟಿದ ವ್ಯವಹಾರಗಳು ರಾತ್ರೋರಾತ್ರಿ ಓದುಗರನ್ನು ಕಳೆದುಕೊಂಡವು.

ಬಾಡಿಗೆ ಮನೆಯಲ್ಲಿ ಹಾಕಿದ ಬೋರ್ಡು

ಅಷ್ಟು ಹೊತ್ತಿಗೆ ಜನ ಬೇರೆಡೆ ಸೇರತೊಡಗಿದ್ದರು. 2007ರ ಕೊನೆಯಲ್ಲಿ ಫೇಸ್‌ಬುಕ್ ವ್ಯಾಪಾರಿಗಳಿಗೆ ಪುಟ ಕೊಟ್ಟಿತು. 2010ರಲ್ಲಿ ಇನ್‌ಸ್ಟಾಗ್ರಾಂ ಬಂತು. ಬ್ಲಾಗುಗಳನ್ನು ಒಂದೇ ಕಡೆ ಓದಲು ನೆರವಾಗುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮ ಹಳ್ಳಿಗಳು ನೇರ ವಿಡಿಯೊಗೇ ಜಿಗಿದವು. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಾಗ ಸೀರೆ ಅಂಗಡಿಯಿಂದ ಹಪ್ಪಳದ ಮನೆಯವರೆಗೆ ಎಲ್ಲರ ಪಟ್ಟಿಯೂ ಮೊಬೈಲಿಗೆ ಬಂತು.

ಇವುಗಳಿಂದ ಅನುಕೂಲವಾಗಿಲ್ಲ ಎನ್ನಲಾಗದು. ಆದರೆ ಇವೆಲ್ಲ ಬಾಡಿಗೆ ಮನೆಗಳು; ಯಾವಾಗ ಖಾಲಿ ಮಾಡಬೇಕೋ ಮಾಲೀಕರ ಇಷ್ಟ. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಹಾಕಿದವು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ, ಅಲ್ಲಿ ಬಳಗ ಕಟ್ಟಿಕೊಂಡಿದ್ದವರ ದುಡಿಮೆ ಒಂದೇ ದಿನದಲ್ಲಿ ಮರೆಯಾಯಿತು. ಸಣ್ಣ ಅಂಗಡಿಗಳಿಗೆಂದೇ ಗೂಗಲ್ ಪುಕ್ಕಟೆ ಕೊಟ್ಟಿದ್ದ ಒಂದು ಪುಟದ ಜಾಲತಾಣಗಳನ್ನೂ 2024ರ ಮಾರ್ಚಿನಲ್ಲಿ ಅದು ನಿಲ್ಲಿಸಿತು. ಸ್ವಂತ ವಿಳಾಸದಲ್ಲಿ ಬರೆದಿಟ್ಟವರ ಬರಹವನ್ನು ಹೀಗೆ ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಕನ್ನಡದಲ್ಲಿ ತಡವಾದದ್ದೇಕೆ

ಕನ್ನಡದ ಮೊದಲ ತೊಡಕು ಅಕ್ಷರದ್ದು. 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ನಮಗೆ ಬೆರಳಚ್ಚು ಕಲಿಸಿದವು. ಆದರೆ ಆಗಿನ ಫಾಂಟುಗಳ ಸಂಕೇತ ಒಂದೊಂದರದೂ ಒಂದೊಂದು ಬಗೆ. ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿತ್ತು. ಹುಡುಕಿದರೆ ಸಿಗದ ಬರಹದಿಂದ ವ್ಯಾಪಾರಿಗೆ ಏನು ಲಾಭ? ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ‘ತುಂಗಾ’ ಫಾಂಟು ಯೂನಿಕೋಡ್ ಕನ್ನಡಕ್ಕೆ ದಾರಿ ತೆರೆಯಿತು. 2005ರಲ್ಲಿ ‘ಸಂಪದ’ ಎಂಬ ಕನ್ನಡ ಜಾಲತಾಣ ಶುರುವಾಯಿತು. ನಂತರದ ಕೆಲವು ವರ್ಷ ಕನ್ನಡ ಬ್ಲಾಗುಗಳ ಸುಗ್ಗಿ. ಆದರೆ ಆ ಸುಗ್ಗಿಯಲ್ಲಿ ಬೆಳೆದದ್ದು ಹೆಚ್ಚಾಗಿ ಕವಿತೆ, ಪ್ರಬಂಧ, ನೆನಪು, ವಿಚಾರ. ವ್ಯಾಪಾರಿ ಆ ಅಂಗಳಕ್ಕೆ ಬರಲಿಲ್ಲ. ಬರವಣಿಗೆ ಸಾಹಿತಿಗಳ ಕೆಲಸ, ವ್ಯಾಪಾರದ ಭಾಷೆ ಇಂಗ್ಲಿಷ್ ಎಂಬ ಎರಡು ಹಳೆಯ ನಂಬಿಕೆಗಳು ಅವನನ್ನು ತಡೆದವು.

ಕರ್ನಾಟಕದಲ್ಲಿ ಈ ವಿದ್ಯೆಯ ಫಲ ಕಾಣಲು ಬೆಂಗಳೂರಿನ ‘ಜೆರೋಧಾ’ ನೋಡಬಹುದು. 2010ರಲ್ಲಿ ಸಣ್ಣದಾಗಿ ಆರಂಭವಾದ ಈ ಷೇರು ವ್ಯವಹಾರ ಸಂಸ್ಥೆ ಜಾಹೀರಾತಿಗೆ ದುಡ್ಡು ಸುರಿಯದೆ, ಬ್ಲಾಗಿನಲ್ಲಿ ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾ, ‘ವಾರ್ಸಿಟಿ’ ಎಂಬ ಪುಕ್ಕಟೆ ಪಾಠಗಳನ್ನು ಕೊಡುತ್ತಾ ಬೆಳೆಯಿತು. ಆದರೆ ಅದರ ಬರವಣಿಗೆಯ ಮುಖ್ಯ ಭಾಷೆ ಇಂಗ್ಲಿಷ್.

ಕನ್ನಡದಲ್ಲಿ ಏನಾಗಬಹುದು ಎಂಬುದಕ್ಕೆ 2021ರ ‘ಬಾಕಾಹು’ ಸಾಕ್ಷಿ. ಬಾಳೆಕಾಯಿ ಹುಡಿಯ ಹ್ರಸ್ವರೂಪವೇ ಬಾಕಾಹು. ‘ಅಡಿಕೆ ಪತ್ರಿಕೆ’ ಬಳಗದ ಪ್ರೇರಣೆಯಿಂದ ಹುಡಿ ಮಾಡುವ ಕ್ರಮ, ಅದರ ತಿನಿಸುಗಳ ವಿವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಗೃಹಿಣಿಯರು ಮಾಡಿ ನೋಡಿದರು, ಮಾರಿದರು. ಆ ಜುಲೈನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲಿ ಅದರ ಪ್ರಸ್ತಾಪ ಬಂತು. ಪ್ರೇರಣೆ ಕೊಟ್ಟದ್ದು ಜಾಹೀರಾತಲ್ಲ, ಮಾಡಿ ನೋಡಿದವರ ಮಾತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹರಿದದ್ದು ವಾಟ್ಸ್‌ಆ್ಯಪ್‌ನಲ್ಲೇ ಮುಳುಗುತ್ತದೆ. ಅಂಥ ತಿಳಿವಳಿಕೆ ಹುಡುಕಿದರೆ ಸಿಗುವ ಪುಟಗಳಲ್ಲೂ ನಿಲ್ಲಬೇಕು.

ಇಂದಿನ ಸ್ಥಿತಿ, ಒಂದು ಮನವಿ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಲೇಖನ ಬರೆಯುತ್ತಿದೆ. ಗೂಗಲ್ ಕೂಡ 2024ರಿಂದ ಎಷ್ಟೋ ಪ್ರಶ್ನೆಗಳಿಗೆ ತಾನೇ ಉತ್ತರದ ಸಾರ ಕೊಡುತ್ತಿದೆ. ಪುಟದವರೆಗೆ ಬರುವ ಓದುಗರಿಗೆ ಅದರಿಂದ ತಡೆಯಾಗುತ್ತಿದೆ. ಹಾಗಾದರೆ ಬರೆಯುವುದು ದಂಡವೇ? ನನಗೆ ಹಾಗನ್ನಿಸುವುದಿಲ್ಲ. ಬರಹದ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಸೂಚನೆಗಳಲ್ಲಿ 2022ರ ಡಿಸೆಂಬರಿನಲ್ಲಿ ‘ಸ್ವಂತ ಅನುಭವ’ ಎಂಬ ಅಳತೆಗೋಲು ಸೇರಿತು. ಎಲ್ಲರೂ ಹೇಳುವುದನ್ನು ಯಂತ್ರ ಹೇಳಬಲ್ಲದು. ಮೂವತ್ತು ವರ್ಷ ಮಗ್ಗದ ಮುಂದೆ ಕೂತವರ ಕೈ ಕಂಡದ್ದನ್ನು, ಅವರು ಹೇಳದೆ, ಯಂತ್ರ ಎಲ್ಲಿಂದ ತರಬೇಕು?

ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಸೇರಿಸುವುದು ಹೇಗೆ, ಅಸಲಿಯನ್ನು ಗುರುತಿಸುವುದು ಹೇಗೆ? ಚನ್ನಪಟ್ಟಣದ ಬೊಂಬೆಗೆ ಹಾಲೆಮರವೇ ಏಕೆ, ಅರಗಿನ ಬಣ್ಣ ಮಗುವಿನ ಬಾಯಿಗೆ ಹೋದರೆ ಏನಾಗುತ್ತದೆ? ಕಸೂತಿಯ ಗವಂತಿಗೂ ಮುರ್ಗಿಗೂ ಏನು ವ್ಯತ್ಯಾಸ? ಇವುಗಳ ಉತ್ತರ ಬಲ್ಲವರು ನಮ್ಮ ನಡುವೆ ಇದ್ದಾರೆ, ದಿನವೂ ಬಾಯಲ್ಲಿ ಹೇಳುತ್ತಿದ್ದಾರೆ. ಬರೆದಿಟ್ಟವರು ತೀರಾ ಕಮ್ಮಿ.

ಸಣ್ಣ ವ್ಯಾಪಾರ ನಡೆಸುವ ಓದುಗರಲ್ಲಿ ನನ್ನ ಕೋರಿಕೆ ಇದು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಈ ವಾರ ಗಿರಾಕಿಗಳು ಕೇಳಿದ ಹತ್ತು ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಸ್ವಂತ ಹೆಸರಿನ ಜಾಲವಿಳಾಸಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಸಾಕು. ಹದಿನೈದು ದಿನಕ್ಕೊಂದು ಪ್ರಶ್ನೆಗೆ, ಎದುರು ನಿಂತವರಿಗೆ ಹೇಳುವಂತೆಯೇ, ಕನ್ನಡದಲ್ಲಿ ಉತ್ತರ ಬರೆಯಿರಿ. ಬೆಲೆ ಹೇಳಿ, ಸರಕಿನ ಮಿತಿಯನ್ನೂ ಹೇಳಿ, ಗೊತ್ತಿಲ್ಲದ್ದನ್ನು ಬರೆಯಬೇಡಿ. ಬರೆಯಲು ಬಿಡುವಿಲ್ಲದಿದ್ದರೆ ಫೋನಿಗೆ ಹೇಳಿ, ಮನೆಯ ಮಕ್ಕಳಿಂದ ಬರೆಸಿ. ಒಂದು ವರ್ಷದ ಹೊತ್ತಿಗೆ ಇಪ್ಪತ್ತನಾಲ್ಕು ಉತ್ತರಗಳಾಗುತ್ತವೆ. ನೀವು ಬಾಗಿಲು ಹಾಕಿ ಮನೆಗೆ ಹೋದ ಮೇಲೂ ಆ ಪುಟಗಳು ಗಿರಾಕಿಯೊಂದಿಗೆ ಮಾತಾಡುತ್ತಿರುತ್ತವೆ.