ಮೊಣಕಾಲಿನ ಗಂಟು: ಒಳಗಿರುವುದು ನೀರೋ, ನೆತ್ತರೋ?

ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಂತಹ ಕರಾವಳಿಯ ಊರುಗಳಲ್ಲಿ ಗದ್ದೆ, ತೋಟ, ದೋಣಿ ಎಲ್ಲಿ ದುಡಿದರೂ ಮೊಣಕಾಲಿಗೆ ಬಿಡುವಿಲ್ಲ. ಮಂಡಿಯ ಹಿಂದಿನ ಗುಳಿಯಲ್ಲಿ ನಿಂಬೆ ಗಾತ್ರದ ಗಂಟು ಕಾಣಿಸಿಕೊಂಡಾಗ, ಅದಕ್ಕೆ ‘ಸ್ಕ್ಯಾನಿಂಗ್’ ಮಾಡಿಸಿ ಎಂದು ವೈದ್ಯರು ಹೇಳಿದರೆ ಅನೇಕರು ಹುಬ್ಬೇರಿಸುವುದುಂಟು. ಅದು ಗರ್ಭಿಣಿಯರ ಪರೀಕ್ಷೆಯಲ್ಲವೇ?

ವಾಸ್ತವವಾಗಿ ಈ ಪರೀಕ್ಷೆಯ ಇತಿಹಾಸ ಆರಂಭವಾದದ್ದೇ ಗಡ್ಡೆಗಳಿಂದ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಲೋಹದೊಳಗಿನ ಬಿರುಕನ್ನು ಶಬ್ದದಿಂದ ಪತ್ತೆಹಚ್ಚುವ ಯಂತ್ರ ಅಲ್ಲಿತ್ತು. ನೀರು ತುಂಬಿದ ಗಡ್ಡೆ ಮತ್ತು ಗಟ್ಟಿ ಗಡ್ಡೆಗಳ ಪ್ರತಿಧ್ವನಿ ಬೇರೆ ಬೇರೆ ಎಂಬುದು ಖಚಿತವಾಯಿತು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಪ್ರಬಂಧದ ವಿಷಯ ಹೊಟ್ಟೆಯ ಗಡ್ಡೆಗಳೇ.

ಮಂಡಿಯ ಗಂಟಿನ ಕಥೆ ಇನ್ನೂ ಹಳೆಯದು. 1785ರಲ್ಲಿ ಲಂಡನ್ನಿನ ಜಾನ್ ಹಂಟರ್ ಒಬ್ಬ ಸಾರೋಟು ಚಾಲಕನ ಮಂಡಿಯ ಹಿಂದೆ ಉಬ್ಬಿದ್ದ ಅಪಧಮನಿಗೆ ನೇರವಾಗಿ ಕತ್ತಿ ಹಾಕದೆ, ಮೇಲೆ ತೊಡೆಯಲ್ಲಿ ರಕ್ತನಾಳವನ್ನು ಕಟ್ಟಿ ಕಾಲು ಉಳಿಸಿದರು. ಇಂತಹ ಉಬ್ಬನ್ನು ಕೀವುಗಂಟೆಂದು ತಿಳಿದು ಕೊಯ್ದರೆ ನೆತ್ತರು ಹರಿದು ಪ್ರಾಣಕ್ಕೇ ಅಪಾಯ. ಕೀಲಿನ ದ್ರವ ಹಿಂದಕ್ಕೆ ನುಗ್ಗಿ ಆಗುವ ಗಂಟನ್ನು ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1840ರಲ್ಲಿ ಗುರುತಿಸಿದ್ದರು. ಆದರೆ 1877ರಲ್ಲಿ ಅದನ್ನು ವಿವರಿಸಿದ ವಿಲಿಯಂ ಮೊರಾಂಟ್ ಬೇಕರ್ ಹೆಸರೇ ಅದಕ್ಕೆ ಉಳಿಯಿತು.

ಇವುಗಳನ್ನು ಬೇರ್ಪಡಿಸಲು ವೈದ್ಯರ ಬಳಿ ಬೆರಳು, ಸೂಜಿ, ಕತ್ತಲಲ್ಲಿ ಹಾಯಿಸುವ ಬೆಳಕು ಇಷ್ಟೇ ಇದ್ದವು. 1895ರಲ್ಲಿ ಬಂದ ಎಕ್ಸ್-ರೇ ಎಲುಬನ್ನು ತೋರಿಸಿತೇ ಹೊರತು ಗಂಟಿನ ಒಳಗನ್ನಲ್ಲ. ಬೇಕರ್ ಗಂಟು ಒಡೆದರೆ ಮೀನಖಂಡ ಊದಿ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಂತೆಯೇ ತೋರುತ್ತದೆ. ಆಗ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಒಳಗೇ ರಕ್ತಸ್ರಾವವಾಗಬಹುದು. ಇವೆರಡನ್ನೂ ಅಲ್ಟ್ರಾಸೌಂಡ್ ಮೂಲಕ ಬೇರ್ಪಡಿಸಬಹುದೆಂದು ಮೆಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ 1972ರಲ್ಲಿ ತೋರಿಸಿಕೊಟ್ಟರು.

ತತ್ವ ಸರಳ. ತಿಳಿದ್ರವ ಪ್ರತಿಧ್ವನಿ ನೀಡದು, ಪರದೆಯಲ್ಲಿ ಕಪ್ಪಾಗಿ ಕಾಣುತ್ತದೆ. ಗಟ್ಟಿ ಗಡ್ಡೆ ಬೂದು ಬಣ್ಣದ್ದಾಗುತ್ತದೆ. ಡಾಪ್ಲರ್ ವಿಧಾನದಲ್ಲಿ ಹರಿಯುವ ರಕ್ತಕ್ಕೆ ಬಣ್ಣ ಬರುತ್ತದೆ. ಆದರೆ ಶಬ್ದ ಎಲುಬನ್ನು ದಾಟಲಾರದು. ಗಟ್ಟಿ ಗಡ್ಡೆಯ ಬಗ್ಗೆ ಸಂಶಯವಿದ್ದರೆ ಎಂ.ಆರ್.ಐ., ಬಯಾಪ್ಸಿ ಅಗತ್ಯವಾಗುತ್ತವೆ.

ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ರೂಪುಗೊಂಡು 1996ರಲ್ಲಿ ಜಾರಿಗೆ ಬಂದ ಕಾನೂನು ಈ ಯಂತ್ರಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಮಂಡಿ ನೋಡುವ ಯಂತ್ರಕ್ಕೂ, ಅದರಲ್ಲಿ ಭ್ರೂಣ ಕಾಣುವಂತಿದ್ದರೆ, ವಿನಾಯಿತಿಯಿಲ್ಲ. ಕಾಯ್ಕಿಣಿಯವರಿಗೆ ಕಾರವಾರ, ಮಣಿಪಾಲದ ದೊಡ್ಡ ಆಸ್ಪತ್ರೆಗಳೆರಡೂ ಬಹಳ ದೂರ. ಅಷ್ಟು ದೂರ ಹೋಗುವುದೇಕೆಂದು ಗಂಟಿಗೆ ಎಣ್ಣೆ ತಿಕ್ಕುತ್ತಲೋ, ಬಿಸಿ ಶಾಖ ಕೊಡುತ್ತಲೋ ಕಾಲ ಕಳೆಯುವವರು ಒಂದನ್ನು ನೆನಪಿಡಬೇಕು: ಮಿಡಿಯುವ ಗಂಟನ್ನು, ಬೆಳೆಯುತ್ತಿರುವ ಗಟ್ಟಿ ಗಡ್ಡೆಯನ್ನು, ಹಠಾತ್ತನೆ ಊದಿದ ಮೀನಖಂಡವನ್ನು ತಿಕ್ಕಬಾರದು, ತಡಮಾಡದೆ ವೈದ್ಯರಿಗೆ ತೋರಿಸಬೇಕು.